ಹೊಳೆ ಏರಿದಾಗ ಬಸುರಿಯರು, ಮಾತ್ರೆ, ಇಂಜೆಕ್ಷನ್: ಆಶಾ ಅಕ್ಕನ ಪ್ರಶ್ನೆ

ಪ್ರಶ್ನೆ (ಆಶಾ ಕಾರ್ಯಕರ್ತೆ, ಹರಿಹರ):
ಮೇಡಂ, ನಮಸ್ಕಾರ. ತುಂಗಭದ್ರಾ ಹೊಳೆ ಏರಿದರೆ ಗಂಗಾನಗರದವರು ಕಾಳಜಿ ಕೇಂದ್ರಕ್ಕೆ ಬರುತ್ತಾರೆ. ಹೋದ ಸಲ ಒಬ್ಬ ಎಂಟು ತಿಂಗಳ ಬಸುರಿ ಬಂದಳು. ತಾಯಿ ಕಾರ್ಡ್ ನೆನೆದು ಮುದ್ದೆಯಾಗಿತ್ತು. ಇನ್ನೊಬ್ಬಳಿಗೆ ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ಮೂರು ದಿನ ತಪ್ಪಿತ್ತು. ಮತ್ತೊಬ್ಬಳಿಗೆ ಮೂರು ತಿಂಗಳಿಗೊಮ್ಮೆ ಹಾಕಿಸುವ ಗರ್ಭನಿರೋಧಕ ಇಂಜೆಕ್ಷನ್ ಅಂತರಾದ ದಿನ ದಾಟಿತ್ತು. ಅನ್ನ, ಕಂಬಳಿ ಎಲ್ಲಾ ಬಂತು, ಇದನ್ನು ಮಾತ್ರ ಯಾರೂ ಕೇಳಲಿಲ್ಲ.

ಉತ್ತರ (ಹೆರಿಗೆ ಡಾಕ್ಟರ್, ದಾವಣಗೆರೆ):
ಎಲ್ಲಾ ಕಡೆ ಇದೇ ಕಥೆ. ಯುದ್ಧದಿಂದ ಓಡಿಬಂದವರ ಶಿಬಿರಗಳಲ್ಲೂ ಹೀಗೇ ಆಗುತ್ತಿತ್ತು. ಅದಕ್ಕೇ 1990ರ ದಶಕದಲ್ಲಿ 'ಮಿಸ್ಪ್' ಅಂತ, ಅಂದರೆ ಶುರುವಿನಲ್ಲೇ ಕೊಡಬೇಕಾದ ಕನಿಷ್ಠ ಸೇವೆಗಳ ಒಂದು ಪಟ್ಟಿ ಮಾಡಿದರು. ಹೆರಿಗೆ, ಗರ್ಭನಿರೋಧಕ, ಅತ್ಯಾಚಾರಕ್ಕೆ ಒಳಗಾದವರ ಚಿಕಿತ್ಸೆ, ಇವೆಲ್ಲ ಮೊದಲ ದಿನದಿಂದಲೇ ಸಿಗಬೇಕು ಅನ್ನುತ್ತದೆ ಅದು.

ಮಾಲಾ-ಎನ್ ತಪ್ಪಿದವಳು ಸಿಕ್ಕ ಕೂಡಲೇ ಒಂದು ನುಂಗಿ, ದಿನಾ ಮುಂದುವರಿಸಲಿ. ಏಳು ದಿನ ನಿರೋಧ್ ಬೇಕು. ತಪ್ಪಿದ್ದು ಕೊನೆಯ ಏಳು ಕಬ್ಬಿಣದ ಮಾತ್ರೆಯಾದರೆ ಚಿಂತೆಯಿಲ್ಲ. ಅಂತರಾ ದಿನ ದಾಟಿ ನಾಲ್ಕು ವಾರದೊಳಗಿದ್ದರೆ ಈಗಲೂ ಕೊಡಬಹುದು.

ಬಸುರಿಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ, ರಕ್ತ ಹೋದರೆ, ಮಗು ಅಲುಗಾಡುವುದು ಕಡಿಮೆಯಾದರೆ ತಕ್ಷಣ 108. ರಸ್ತೆ ಮುಳುಗಿ ಗಾಡಿ ಬರದಿದ್ದರೆ? ಸೋಪು, ಹೊಸ ಬ್ಲೇಡು, ಕುದಿಸಿದ ದಾರ, ಶುಭ್ರ ಪ್ಲಾಸ್ಟಿಕ್ ಹಾಳೆ ಒಂದು ಚೀಲದಲ್ಲಿ ಇರಲಿ. ಮಗುವನ್ನು ಒರೆಸಿ ತಾಯಿಯ ಎದೆ ಮೇಲೆ ಮಲಗಿಸಿ ಹೊದಿಸಿ. ಮಾಸು ತಾನಾಗಿಯೇ ಬರಲಿ, ಹೊಕ್ಕುಳಬಳ್ಳಿ ಹಿಡಿದು ಎಳೆಯಬೇಡಿ. ಹೊಕ್ಕುಳಿಗೆ ಅರಿಶಿನ, ಎಣ್ಣೆ ಬೇಡವೇ ಬೇಡ. ಅಜ್ಜಿಯರು ಬೈದರೆ ನನ್ನ ಹೆಸರು ಹೇಳಿ!

ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೊ ಮಳೆಗಾಲಕ್ಕೆ ಮುಂಚೆಯೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ:
ಕೇಂದ್ರದಲ್ಲಿ ಯಾರಾದರೂ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿದರೆ ಮೊದಲು ಠಾಣೆಗೆ ಹೋಗಬೇಕಾ?

ಉತ್ತರ:
ಮೊದಲು ಆಸ್ಪತ್ರೆ. ಎಫ್‌ಐಆರ್ ಇಲ್ಲದಿದ್ದರೂ ಸರ್ಕಾರಿ, ಖಾಸಗಿ ಯಾವುದೇ ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತೆಗೆದುಕೊಳ್ಳಬೇಕು. ಗರ್ಭ ತಡೆಯುವ ಮಾತ್ರೆಯೂ ಎಷ್ಟು ಬೇಗ ಅಷ್ಟು ಒಳ್ಳೆಯದು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಅದನ್ನು ಅವಳಿಗೆ ಮುಂಚೆಯೇ ಹೇಳಿಬಿಡಿ.

ಪ್ರಶ್ನೆ:
ಹೆಸರು ಬರೆದುಕೊಳ್ಳುವವರು ಗಂಡಸರು ಮೇಡಂ. ಅವರ ಮುಂದೆ ಹೆಂಗಸರು ಬಾಯಿಯೇ ಬಿಡುವುದಿಲ್ಲ.

ಉತ್ತರ:
ಸಾಲಿನಲ್ಲಿ ನಿಲ್ಲಿಸಿ ಕೇಳಿದರೆ ಯಾರು ಹೇಳುತ್ತಾರೆ, ಅಲ್ವಾ? ಪ್ಯಾಡ್ ಹಂಚುವ ನೆಪದಲ್ಲಿ ಹೆಂಗಸರ ಬಚ್ಚಲ ಹತ್ತಿರ ನೀವೇ ನಿಂತುಕೊಳ್ಳಿ. ಒಬ್ಬೊಬ್ಬರಾಗಿ ಬಂದು ಅವರೇ ಮಾತು ತೆಗೆಯುತ್ತಾರೆ.