ಮ್ಯಾಮೋಗ್ರಾಂ ವರದಿಯಲ್ಲಿ '0' ಇತ್ತು, ಏನೂ ಇಲ್ಲ ಅಂದುಕೊಂಡು ಬೀರುವಿಗೆ ಹಾಕಿಬಿಟ್ಟೆವು

ಡೊಂಬಿವಲಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಊರು ಕುಂದಾಪುರದ ಹತ್ತಿರ. ಜೂನ್‌ನಲ್ಲಿ ಇಲ್ಲಿ ಒಂದು ಉಚಿತ ತಪಾಸಣಾ ಶಿಬಿರ ನಡೆದಿತ್ತು. ಅತ್ತೆಗೆ 58 ವರ್ಷ. ಒತ್ತಾಯ ಮಾಡಿ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿದೆ. ಎರಡು ವಾರ ಬಿಟ್ಟು ನಮ್ಮ ಯಜಮಾನರು ಹೋಗಿ ಲಕೋಟೆ ತಂದರು. ಕೊನೆಯ ಸಾಲಿನಲ್ಲಿ 'ಬೈರಾಡ್ಸ್ 0' ಅಂತ ಇತ್ತು. ಸೊನ್ನೆ ಅಂದರೆ ಸೊನ್ನೆ ತಾನೇ? ಅವತ್ತು ಅತ್ತೆ ಖುಷಿಯಲ್ಲಿ ಪಾಯಸ ಮಾಡಿದರು, ಲಕೋಟೆ ಬೀರು ಸೇರಿತು. ಈಗ ನವೆಂಬರ್. ನಿನ್ನೆ ಅವರ ಶುಗರ್ ಡಾಕ್ಟರು ಫೈಲ್ ತಿರುವಿ ಹಾಕುತ್ತಾ, "ಇದಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿಲ್ವಾ?" ಅಂದರು. ನನ್ನ ಕೈಕಾಲು ತಣ್ಣಗಾಯಿತು. ಶಿಬಿರದವರು ಒಂದು ಫೋನೂ ಮಾಡಿಲ್ಲ. ಅತ್ತೆ ಆಗ ಹೊರಗೆ ಕೂತಿದ್ದರು, ಅವರಿಗಿನ್ನೂ ಹೇಳಿಲ್ಲ. ತಪ್ಪು ನಮ್ಮದೇನಾ? ಈಗ ಏನು ಮಾಡಲಿ?

ಲೋಕಲ್‌ನಲ್ಲಿ ಓದುವವ:
ತಂಗಿ, ಮೊದಲು ಮುಖ್ಯ ಮಾತು. ಬೈರಾಡ್ಸ್ ಅಂದರೆ ಸ್ತನದ ಚಿತ್ರ ನೋಡಿದ ವೈದ್ಯರು ತಮ್ಮ ತೀರ್ಮಾನಕ್ಕೆ ಕೊಡುವ ಸಂಖ್ಯೆ. 0 ಅಂದರೆ 'ಏನೂ ಇಲ್ಲ' ಅಂತಲ್ಲ, 'ನೋಡಿ ಮುಗಿದಿಲ್ಲ' ಅಂತ. ಏನೂ ಇಲ್ಲದಿದ್ದರೆ 1 ಬರೆಯುತ್ತಾರೆ. 4, 5 ಬಂದರೆ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ. 0 ಬಂದವರಿಗೆ ಇನ್ನಷ್ಟು ಚಿತ್ರ ಬೇಕು, ಇಲ್ಲವೇ ಸೋನೋಗ್ರಫಿ, ಅಥವಾ ಹಳೇ ಫಿಲ್ಮ್ ಇದ್ದರೆ ಪಕ್ಕದಲ್ಲಿಟ್ಟು ನೋಡುವುದು. ಹೀಗೆ ಮತ್ತೆ ಕರೆಸಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೂ ಈ ವಾರವೇ ಹೋಗಿ. ಫಿಲ್ಮ್ ಅಥವಾ ಸಿಡಿ ಜೊತೆಗಿರಲಿ, ಬರೀ ಕಾಗದ ಸಾಲದು.

ತಪ್ಪು ಯಾರದು ಅಂತ ಕೇಳಿದ್ದೀರಿ. ನನ್ನ ಹೊಟ್ಟೆಪಾಡೇ ಇದು, ರೋಗಿಗಳ ಸುರಕ್ಷತೆಯ ಮೇಲೆ ಸಂಶೋಧನೆ. ಹೀಗಂದ ತಕ್ಷಣ ಮದುವೆ ಮನೆಯಲ್ಲಿ ಎಲ್ಲರೂ ಹೊಟ್ಟೆಯೊಳಗೆ ಕತ್ತರಿ ಮರೆತ ಕಥೆ ಕೇಳುತ್ತಾರೆ. ನಾನು ನೋಡುವುದು ಬರೀ ರಿಜಿಸ್ಟರ್. ಎಡಗಡೆ ಹೆಸರು, ವಯಸ್ಸು, ಯಾವ ಪರೀಕ್ಷೆ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ ಇರುತ್ತದೆ. ಬಲಗಡೆ ಕೊನೆಯ ಕಾಲಂ 'ಮರುಪರೀಕ್ಷೆ ಆಯಿತೇ'. ಅದು ಪುಟಗಟ್ಟಲೆ ಖಾಲಿ. ಶಿಬಿರದ ಫೋಟೋದಲ್ಲಿ ಆ ಕಾಲಂ ಬರೋದಿಲ್ಲ ನೋಡಿ.

ಹೆಸರಿನ ಗೋಳು ಇನ್ನೊಂದು. ಇಲ್ಲಿನ ಫಾರಂನಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಕೇಳುತ್ತಾರೆ. ನಮ್ಮವರದು ಇನಿಷಿಯಲ್. ಹಾಗಾಗಿ ಜೂನ್‌ನ 'ಪದ್ಮಾವತಿ ಕೆ.' ಆಗಸ್ಟ್‌ನಲ್ಲಿ ಬರೀ 'ಪದ್ಮಾ', ಹಿಂದೆ ಗಂಡನ ಹೆಸರು. ಕಂಪ್ಯೂಟರ್‌ಗೆ ಇಬ್ಬರು ಹೆಂಗಸರು. ಫೋನ್ ನಂಬರ್ ಮಗನದು, ಮಗ ಸಿಮ್ ಬದಲಿಸಿರುತ್ತಾನೆ.

ಹಾಗಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ವೈದ್ಯರು ವೈದ್ಯರಿಗೆ ಬರೆದ ಸಂಖ್ಯೆ ಅದು. ಲಕೋಟೆ ಕೊಡುವಾಗ ಕಿಟಕಿಯಲ್ಲಿದ್ದವರು "ಮತ್ತೆ ಬರಬೇಕು" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮುಲುಂಡ್ ಮಾವ:
ಅದಕ್ಕೇ ನಾನು ಹೇಳೋದು, ಈ ತಪಾಸಣೆಯೇ ಬೇಡ. ಚೆನ್ನಾಗಿದ್ದವರನ್ನು ಎಳೆದು ತಂದು ಹೆದರಿಸಿ ಕಳಿಸುತ್ತಾರೆ.

ಲೋಕಲ್‌ನಲ್ಲಿ ಓದುವವ:
ಮಾವ, ಅರ್ಧ ಒಪ್ಪಿದೆ. ಕರೆದು ಕೈಬಿಡುವ ಶಿಬಿರಕ್ಕಿಂತ ಶಿಬಿರ ಇಲ್ಲದ್ದೇ ವಾಸಿ. ಆದರೆ ಇದೇ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರು. ಅರ್ಧ ಬಡಾವಣೆಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಸ್ತನವನ್ನು ಕೈಯಿಂದಲೇ ಪರೀಕ್ಷಿಸಿದರು. ಯಂತ್ರವೇ ಇಲ್ಲ. 2021ರಲ್ಲಿ ಫಲಿತಾಂಶ ಬಂತು: 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಕಡಿಮೆ. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸುವುದೂ ಅವರ ಕೆಲಸದ ಭಾಗವೇ ಆಗಿತ್ತು. ಶಿಬಿರಗಳು ಮರೆಯೋದು ಅದನ್ನೇ.

ವಾಶಿ ನರ್ಸ್:
ಅತ್ತೆಗೆ ಇವತ್ತೇ ಹೇಳಿಬಿಡಿ. ಮುಚ್ಚಿಟ್ಟು ಕರೆದುಕೊಂಡು ಬಂದರೆ ಯಂತ್ರದ ಕೋಣೆಗೆ ಅವರೊಬ್ಬರೇ ಹೋಗಬೇಕು, ಅಲ್ಲಿ ಯಾರ ಬಾಯಿಂದಲೋ ತಿಳಿಯುತ್ತದೆ. ಅಂಥ ಮುಖಗಳನ್ನು ಬಹಳ ನೋಡಿದ್ದೇನೆ. ಮತ್ತೆ ಅವತ್ತು ಕಂಕುಳಿಗೆ ಪೌಡರ್ ಬೇಡ. ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಂಡು ಇನ್ನೊಂದು ರಗಳೆ.

ಡೊಂಬಿವಲಿ ಸೊಸೆ:
ಹೇಳಿದೆ. ಅಳುತ್ತಾರೆ ಅಂದುಕೊಂಡಿದ್ದೆ. "ಹಾಗಾದ್ರೆ ಅವತ್ತು ಎರಡು ತೆಂಗಿನಕಾಯಿ ದಂಡ" ಅಂದರು. ಆಮೇಲೆ ಒಬ್ಬರೇ ತುಂಬಾ ಹೊತ್ತು ಬಾಲ್ಕನಿಯಲ್ಲಿ ಕೂತಿದ್ದರು. ಸೋಮವಾರ ಬೆಳಿಗ್ಗೆ ಹೋಗುತ್ತೇವೆ, ಸಿಡಿ ಲಕೋಟೆಯಲ್ಲೇ ಇದೆ. ಅಣ್ಣಾ, ನೀವು ಹೇಳಿದ ಮೇಲೆ ಶಿಬಿರದ ಫಾರಂ ನೋಡಿದೆ. ಅತ್ತೆ ಕೊಟ್ಟಿದ್ದು ನಮ್ಮ ಹಳೇ ಮನೆಯ ಲ್ಯಾಂಡ್‌ಲೈನ್ ನಂಬರ್.