ಟಿಡಿಎಂಎ ಅಪ್‌ಲಿಂಕ್ ಟೈಮಿಂಗ್: ಪಣಜಿ ಲಾಗಾನ್ ಆಗುತ್ತಿಲ್ಲ, ಮುಂಬೈ ನಡುನಡುವೆ ಜಾರುತ್ತಿದೆ

ಹಿಂಜವಡಿ_ಹಬ್ (ಪುಣೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಉಪಗ್ರಹ ಜಾಲ; ಟರ್ಮಿನಲ್‌ಗಳು (ದೂರದ ಡಿಶ್ ಕೇಂದ್ರಗಳು) ಸರದಿಯ ಪ್ರಕಾರ ತಮಗೆ ಕೊಟ್ಟ ಹೊತ್ತಿನ ತುಂಡಿನಲ್ಲಿ (ಸ್ಲಾಟ್) ಕಳಿಸುತ್ತವೆ, ಅದೇ ಟಿಡಿಎಂಎ. ಹಬ್ (ಅವನ್ನೆಲ್ಲ ನಡೆಸುವ ಮುಖ್ಯ ಕೇಂದ್ರ) ಪುಣೆಯಲ್ಲಿದೆ, ಉಪಗ್ರಹ 83 ಡಿಗ್ರಿ ಪೂರ್ವ, ಕೆಯು ಬ್ಯಾಂಡ್. ಫಾರ್ವರ್ಡ್ ಕಡೆ (ಹಬ್‌ನಿಂದ ಟರ್ಮಿನಲ್‌ಗೆ) ಡಿವಿಬಿ-ಎಸ್2 ಮಾನದಂಡ, ಸೆಕೆಂಡಿಗೆ 10 ಮೆಗಾಸಿಂಬಲ್ (ಸಿಂಬಲ್ ಅಂದರೆ ಸಿಗ್ನಲ್‌ನ ಒಂದು ಮೂಲ ತುಂಡು), ಎಸಿಎಂ (ಹವಾಮಾನಕ್ಕೆ ತಕ್ಕಂತೆ ಮಾಡ್ಯುಲೇಶನ್ ಬದಲಿಸುವ ವ್ಯವಸ್ಥೆ) ಆನ್. ರಿಟರ್ನ್ ಕಡೆ (ಟರ್ಮಿನಲ್‌ನಿಂದ ಹಬ್‌ಗೆ) ಡಿವಿಬಿ-ಆರ್‌ಸಿಎಸ್2, ಸೆಕೆಂಡಿಗೆ 512 ಕಿಲೋಸಿಂಬಲ್, ಟ್ರಾಫಿಕ್ ಬರ್ಸ್ಟ್‌ಗಳ (ಒಂದು ಸ್ಲಾಟಿನಲ್ಲಿ ಕಳಿಸುವ ತುಣುಕು) ನಡುವೆ ಗಾರ್ಡ್ (ಖಾಲಿ ಅಂತರ) 8 ಸಿಂಬಲ್. ಟರ್ಮಿನಲ್ ಮೂರು: ಒಂದು ಹಬ್ ಪಕ್ಕದಲ್ಲೇ, ಒಂದು ಮುಂಬೈಯಲ್ಲಿ, ಒಂದು ಪಣಜಿಯಲ್ಲಿ. ಮೊದಲನೆಯದರ ಕಾನ್ಫಿಗ್ ನಕಲು ಮಾಡಿ ಉಳಿದ ಎರಡಕ್ಕೆ ಹಾಕಿದ್ದೇವೆ. ಮುಂಬೈಯದಕ್ಕೆ ಮಾತ್ರ ಅಲ್ಲಿನ ಅಕ್ಷಾಂಶ 19.04, ರೇಖಾಂಶ 72.53 ಎಂದು ತುಂಬಿದ್ದೇವೆ.

ಪಕ್ಕದ್ದು ಸರಿಯಾಗಿದೆ. ಪಣಜಿಯಲ್ಲಿ ಫಾರ್ವರ್ಡ್ ಲಾಕ್ ಚೆನ್ನಾಗಿದೆ, ಆದರೆ ಅದರ ಲಾಗಾನ್ (ಜಾಲಕ್ಕೆ ಸೇರಿಕೊಳ್ಳುವ ಕೋರಿಕೆಯ) ಬರ್ಸ್ಟ್ ಹಬ್‌ಗೆ ಕಾಣಿಸುವುದೇ ಇಲ್ಲ. ಮುಂಬೈ ಲಾಗಾನ್ ಆಗುತ್ತದೆ, ಗಂಟೆಗಟ್ಟಲೆ ಓಡುತ್ತದೆ. ಸ್ವಲ್ಪ ಹೊತ್ತು ಟ್ರಾಫಿಕ್ ಇಲ್ಲದೆ ಸುಮ್ಮನಿದ್ದು ಮತ್ತೆ ಕಳಿಸಿದರೆ ಮೊದಲ ಬರ್ಸ್ಟ್ ಪಕ್ಕದ ಸ್ಲಾಟ್ ಮೇಲೆ ಬೀಳುತ್ತದೆ. ಹಬ್‌ನ 10 ಮೆಗಾಹರ್ಟ್ಸ್ ಗಡಿಯಾರ ಜಿಪಿಎಸ್‌ಗೆ ಕಟ್ಟಿದ್ದು. ಗಡಿಯಾರ ಇಷ್ಟು ಸರಿ ಇದ್ದಮೇಲೆ ಅಪ್‌ಲಿಂಕ್ ಯಾಕೆ ತಪ್ಪುತ್ತದೆ?

ಡೊಂಬಿವಲಿ_ಆರ್‌ಎಫ್:

ಗಡಿಯಾರದ ತಪ್ಪಲ್ಲ ಮಾರಾಯ್ರೆ, ದಾರಿಯ ಉದ್ದದ ತಪ್ಪು. ಎನ್‌ಸಿಆರ್ ಸ್ಟಾಂಪ್ (ಹಬ್ ಗಡಿಯಾರದ ಹೊತ್ತನ್ನು ಟರ್ಮಿನಲ್‌ಗಳಿಗೆ ಹೇಳುವ ಗುರುತು) ಹಬ್‌ನಿಂದ ಮೇಲೆ ಹೋಗಿ ಟರ್ಮಿನಲ್‌ಗೆ ಇಳಿಯುತ್ತದೆ, ಬರ್ಸ್ಟ್ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಒಟ್ಟು ನಾಲ್ಕು ಕಾಲು (ನೆಲಕ್ಕೂ ಉಪಗ್ರಹಕ್ಕೂ ನಡುವಿನ ಒಂದೊಂದು ಹಾದಿ). ಟರ್ಮಿನಲ್ ಇರುವ ಜಾಗ ತಪ್ಪಾದರೆ ಆ ತಪ್ಪು ಎರಡು ಸಲ ಸೇರುತ್ತದೆ. ಬಹಳ ಜನ ಒಂದೇ ಸಲ ಲೆಕ್ಕ ಹಾಕಿ ಗಾರ್ಡ್ ಸಾಕು ಅಂದುಕೊಳ್ಳುತ್ತಾರೆ.

83 ಡಿಗ್ರಿಗೆ ದೂರ ಲೆಕ್ಕ ಹಾಕಿದರೆ ಮುಂಬೈಯಿಂದ ಸುಮಾರು 36,305 ಕಿ.ಮೀ., ಪುಣೆಯಿಂದ 36,262, ಪಣಜಿಯಿಂದ 36,150. ಪಣಜಿ ಟರ್ಮಿನಲ್‌ನಲ್ಲಿ ಪುಣೆಯ ಅಕ್ಷಾಂಶ-ರೇಖಾಂಶ ಹಾಗೇ ಉಳಿದಿದೆ. 112 ಕಿ.ಮೀ. ವ್ಯತ್ಯಾಸ ಅಂದರೆ ಒಂದು ಕಾಲಿಗೆ ಸುಮಾರು 374 ಮೈಕ್ರೊಸೆಕೆಂಡ್, ಎರಡಕ್ಕೆ 748. ನಿಮ್ಮ ದರದಲ್ಲಿ ಒಂದು ಸಿಂಬಲ್ 1.95 ಮೈಕ್ರೊಸೆಕೆಂಡ್; ಹಾಗಾಗಿ ಸುಮಾರು 383 ಸಿಂಬಲ್. ದಾರಿ ನಿಜಕ್ಕಿಂತ ಉದ್ದ ಎಂದು ತಿಳಿದು ಟರ್ಮಿನಲ್ ಬೇಗ ಕಳಿಸುತ್ತಿದೆ, ಬರ್ಸ್ಟ್ ಅಷ್ಟು ಮುಂಚೆಯೇ ಬಂದು ಬೀಳುತ್ತಿದೆ. ಹಬ್‌ನ ಡಿಮಾಡ್ಯುಲೇಟರ್ (ಬಂದ ಸಿಗ್ನಲ್ ಬಿಡಿಸುವ ಯಂತ್ರ) ಹುಡುಕುವುದು ಲಾಗಾನ್ ಸ್ಲಾಟಿನ ಕಿಟಕಿಯೊಳಗೆ ಮಾತ್ರ, ಅದಕ್ಕೇ ಏನೂ ಕಾಣುವುದಿಲ್ಲ. ಅದು ಸರಿಯಾಗುವ ತನಕ ಪಣಜಿಯ ಟ್ರಾನ್ಸ್‌ಮಿಟ್ ಆಫ್ ಇಡಿ. ಹಿಂದಿನ ಸ್ಲಾಟಿನಲ್ಲಿ ಬೇರೆಯವರ ಟ್ರಾಫಿಕ್ ಇದ್ದರೆ ಹಾಳು ಮಾಡುತ್ತಿರುತ್ತದೆ.

ಮುಂಬೈಯ ಅಂಕಿಯೂ ಸರಿಯಿಲ್ಲ. 72.53 ಅಂತ ಬರೆದದ್ದು 72 ಡಿಗ್ರಿ 53 ಮಿನಿಟ್ ಇರಬೇಕು, ದಶಮಾಂಶದಲ್ಲಿ 72.883. ಅಕ್ಷಾಂಶವೂ ಹಾಗೇ, 19.067 ಆಗಬೇಕು. ರೇಖಾಂಶದ ಆ 0.35 ಡಿಗ್ರಿಯೊಂದೇ ದೂರವನ್ನು ಸುಮಾರು 7.6 ಕಿ.ಮೀ. ಹೆಚ್ಚಿಸಿ ತೋರಿಸುತ್ತದೆ, ಎರಡು ಕಾಲಿಗೆ 51 ಮೈಕ್ರೊಸೆಕೆಂಡ್, 26 ಸಿಂಬಲ್. ಲಾಗಾನ್ ಸ್ಲಾಟಿನ ಗಾರ್ಡ್ ಅಗಲ ಇರುವುದರಿಂದ ಒಳಗೆ ಬಿಡುತ್ತದೆ, ಆಮೇಲೆ ಹಬ್‌ನ ಕರೆಕ್ಷನ್ ಬಂದು ತಪ್ಪನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಲ್ಲದು. ಜಾಗವನ್ನು 100 ಮೀಟರ್ ಒಳಗೆ ಕೊಟ್ಟರೆ ತಪ್ಪು ಅರ್ಧ ಸಿಂಬಲ್ ಸಹ ಆಗುವುದಿಲ್ಲ. ಮೊಬೈಲ್ ಜಿಪಿಎಸ್ ಧಾರಾಳ ಸಾಕು.

ವಾಸ್ಕೊ_ಟೈಮಿಂಗ್:

ಮೇಲಿನವರು ಹೇಳಿದ್ದು ಖರೇ ಐತಿ. ಆದರೆ ಮುಂಬೈ ಜಾರೋದಕ್ಕೆ ಕಾರಣ ಬ್ಯಾರೆ ನೋಡ್ರಿ. ಉಪಗ್ರಹ ನಿಂತಲ್ಲೇ ನಿಂತಿರಂಗಿಲ್ಲ. ಕಕ್ಷೆಯ ಉತ್ಕೇಂದ್ರತೆ (ಪೂರಾ ವೃತ್ತದಿಂದ ಎಷ್ಟು ಸೊಟ್ಟ ಅನ್ನೋದು) 0.0003 ಅಂತ ಹಿಡೀರಿ: 42,164 ಕಿ.ಮೀ. ತ್ರಿಜ್ಯಕ್ಕೆ ದಿನಾ ±12.6 ಕಿ.ಮೀ. ಮ್ಯಾಲೆ ಕೆಳಗೆ ಆಗತೈತಿ. ಜೋರಿದ್ದಾಗ ಸೆಕೆಂಡಿಗೆ 0.92 ಮೀಟರ್, ನಾಲ್ಕು ಕಾಲು ಸೇರಿ ಸೆಕೆಂಡಿಗೆ 12 ನ್ಯಾನೊಸೆಕೆಂಡ್. ನಿಮ್ಮ ಗಾರ್ಡ್ 8 ಸಿಂಬಲ್ ಅಂದ್ರ 15.6 ಮೈಕ್ರೊಸೆಕೆಂಡ್. 20 ಮಿನಿಟ್ ಚಿಲ್ಲರೆ ಸುಮ್ಮನಿದ್ದರೆ ಗಾರ್ಡ್ ಖಾಲಿ.

ಟ್ರಾಫಿಕ್ ಇರಲಿ ಬಿಡಲಿ, ನಿಮಿಷಕ್ಕೊಂದು ಕಂಟ್ರೋಲ್ ಬರ್ಸ್ಟ್ ಕೊಟ್ಟು ಸಿಂಕ್ ಉಳಿಸಿರಿ. ಅಷ್ಟರೊಳಗ ಸರಿಯೋದು 0.74 ಮೈಕ್ರೊಸೆಕೆಂಡ್ ಅಷ್ಟೇ. ಹಬ್ ಪ್ರಸಾರ ಮಾಡೋ ಉಪಗ್ರಹ ಸ್ಥಾನದ ಟೇಬಲ್ ಯಾವ ದಿನದ್ದು ಅಂತ ತೆಗೆದು ನೋಡ್ರಿ. 83 ಡಿಗ್ರಿಯಾಗ ಜಿಸ್ಯಾಟ್-30 ಸೇರಿ ಒಂದಕ್ಕಿಂತ ಹೆಚ್ಚು ಉಪಗ್ರಹ ಅದಾವ, ಬ್ಯಾರೆಯದರ ಎಫೆಮೆರಿಸ್ (ಉಪಗ್ರಹ ಸ್ಥಾನದ ಮಾಹಿತಿ) ಹಾಕಿರಬ್ಯಾಡ್ರಿ. ನಿಮ್ಮ ಹಬ್ ಪಕ್ಕದ ಟರ್ಮಿನಲ್ ಒಳ್ಳೆ ಅಳತೆಗೋಲು: ಅದರ ಬರ್ಸ್ಟ್ ಆಫ್‌ಸೆಟ್ (ಹೇಳಿದ ಹೊತ್ತಿಗಿಂತ ಎಷ್ಟು ಹಿಂದು-ಮುಂದು) ಏನು ಬರತೈತಿ ಅದು ಉಪಗ್ರಹದ ಏರಿಳಿತದ ತಪ್ಪು, ಮೂರಕ್ಕೂ ಹೆಚ್ಚುಕಡಿಮೆ ಒಂದೇ.

ಗ್ರಾಫ್ ಹಾಕೋದು ಮುಖ್ಯ. ವಾರದ ಲಾಗ್ ತಗೊಂಡು ಜಾರಿದ ಹೊತ್ತು ಗುರುತು ಮಾಡ್ರಿ. 23 ತಾಸು 56 ಮಿನಿಟಿಗೊಮ್ಮೆ, ಅಂದ್ರ ದಿನಾ 4 ಮಿನಿಟ್ ಮುಂಚೆ ಬಂದರ ಉಪಗ್ರಹ. ಸರಿಯಾಗಿ 24 ತಾಸಿಗೆ ಬಂದರ ಬಿಸಿಲು, ಹೊರಗಿನ ಯೂನಿಟ್ ಕಾಯ್ತಿರಬೇಕು. 26 ತಾಸು 30 ಮಿನಿಟಿಗೊಮ್ಮೆ ಬಂದರ ಎನ್‌ಸಿಆರ್ ಕೌಂಟರ್ ತುಂಬಿ ಸೊನ್ನೆಗೆ ಬರೋ ಹೊತ್ತು: 33 ಬಿಟ್, 90 ಕಿಲೋಹರ್ಟ್ಸ್, 95,443 ಸೆಕೆಂಡ್. ಅದು ಸಾಫ್ಟ್‌ವೇರ್ ತಪ್ಪು, ಎಫೆಮೆರಿಸ್ ಎಷ್ಟು ಬದಲಿಸಿದರೂ ಹೋಗಂಗಿಲ್ಲ.

ಡೊಂಬಿವಲಿ_ಆರ್‌ಎಫ್:

ಈ ಮೂರಕ್ಕೂ ಹೊಂದದೆ ಮಳೆ ಬಂದಾಗ ಮಾತ್ರ ಜಾರಿದರೆ ಎಸಿಎಂ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕರಾವಳಿಯಲ್ಲಿ ಇದೇ ಮೊದಲ ಅನುಮಾನ. ಬಿಸಿಲಲ್ಲಿ 8ಪಿಎಸ್‌ಕೆ (ಒಂದು ಸಿಂಬಲ್‌ಗೆ ಹೆಚ್ಚು ಬಿಟ್ ಹೊರುವ ಮಾಡ್ಯುಲೇಶನ್) ಫ್ರೇಮ್ 21,690 ಸಿಂಬಲ್, 2.17 ಮಿಲಿಸೆಕೆಂಡ್, ಮಳೆಗೆ ಕಡಿಮೆ ಬಿಟ್ ಹೊರುವ ಕ್ಯೂಪಿಎಸ್‌ಕೆಗೆ ಇಳಿದರೆ 32,490, ಅಂದರೆ 3.25. ಸ್ಟಾಂಪ್ ತಾನಿರುವ ಫ್ರೇಮಿನದ್ದಲ್ಲ, ಎರಡು ಫ್ರೇಮ್ ಹಿಂದಿನದರ ಆರಂಭದ ಕ್ಷಣದ್ದು. ರಿಸೀವರ್ ಆ ಹಿಂದಿನ ಫ್ರೇಮ್ ಬಂದ ಗಳಿಗೆಯನ್ನು ನೆನಪಿಟ್ಟು ಹೋಲಿಸಬೇಕು. ಬದಲಿಗೆ ನಿಗದಿತ ಸಂಖ್ಯೆಯೊಂದನ್ನು ಕಳೆದರೆ ಫ್ರೇಮಿಗೆ 1.08 ಮಿಲಿಸೆಕೆಂಡಿನಂತೆ ತಪ್ಪು ನುಗ್ಗುತ್ತದೆ. ಪರೀಕ್ಷೆಗೆ ಮಳೆಗೆ ಕಾಯಬೇಕಾಗಿಲ್ಲ: ಹಬ್‌ನಲ್ಲಿ ಮಾಡ್‌ಕೋಡ್ (ಮಾಡ್ಯುಲೇಶನ್ ಮತ್ತು ಕೋಡಿಂಗ್ ಆಯ್ಕೆ) ಕೈಯಿಂದ ಬದಲಿಸಿ, ಬರ್ಸ್ಟ್ ಆಫ್‌ಸೆಟ್ ಹಾರುತ್ತದೋ ನೋಡಿ.

ಹಿಂಜವಡಿ_ಹಬ್ (ಪುಣೆ):

ಪಣಜಿಗೆ ಸರಿಯಾದ ಅಂಕಿ ಹಾಕಿದ ಕೂಡಲೇ ಲಾಗಾನ್ ಆಯಿತು, ಮುಂಬೈಯದೂ ತಿದ್ದಿದೆವು. ಸ್ಥಾನದ ಟೇಬಲ್ 11 ದಿನ ಹಳೆಯದು. ಲಾಗ್ ಶುರು ಮಾಡಿದ್ದೇವೆ, ಇಬ್ಬರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ: 600 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋದರೆ ಇದೇ ಕರೆಕ್ಷನ್ ಪದ್ಧತಿ ನಡೆಯುತ್ತದೆಯೇ?

ವಾಸ್ಕೊ_ಟೈಮಿಂಗ್:

ಅದೊಂದರ ಮ್ಯಾಲೆ ನಡೆಯಂಗಿಲ್ಲ. 10 ಡಿಗ್ರಿ ಎತ್ತರದಾಗ ದೂರ ಸೆಕೆಂಡಿಗೆ 6.8 ಕಿ.ಮೀ. ಬದಲಾಗತೈತಿ, ಎರಡು ಕಾಲಿಗೆ ಸೆಕೆಂಡಿಗೆ 45 ಮೈಕ್ರೊಸೆಕೆಂಡ್. ಉದಾಹರಣೆಗೆ 5ಜಿಯ 15 ಕಿಲೋಹರ್ಟ್ಸ್ ಸಬ್‌ಕ್ಯಾರಿಯರ್ ಅಂತರಕ್ಕ ಸೈಕ್ಲಿಕ್ ಪ್ರಿಫಿಕ್ಸ್ (ಸಿಂಬಲ್ ಮುಂದಿನ ಕಾಪು ಹೊತ್ತು) 4.7 ಮೈಕ್ರೊಸೆಕೆಂಡ್, ಸೆಕೆಂಡಿನ ಹತ್ತನೇ ಒಂದು ಭಾಗದಾಗ ಮುಗೀತು. ಅದಕ್ಕ 3ಜಿಪಿಪಿ (ಮೊಬೈಲ್ ಮಾನದಂಡ ಮಾಡೋ ಸಂಸ್ಥೆ) ರಿಲೀಸ್ 17ರಾಗ ಟರ್ಮಿನಲ್ ತನ್ನ ಜಿಎನ್‌ಎಸ್‌ಎಸ್ (ಜಿಪಿಎಸ್ ಥರದ) ಜಾಗ, ಎಸ್‌ಐಬಿ19 ಅನ್ನೋ ಪ್ರಸಾರ ಸಂದೇಶದಾಗ ಬರೋ ಎಫೆಮೆರಿಸ್ ಸೇರಿಸಿ ಎಷ್ಟು ಮುಂಚೆ ಕಳಿಸಬೇಕು ಅಂತ ತಾನೇ ಲೆಕ್ಕ ಹಾಕತೈತಿ. ಬೇಸ್ ಸ್ಟೇಷನ್ ಕಡೆಯಿಂದ ಬರೋದು ಉಳಿದ ಸಣ್ಣ ತಿದ್ದುಪಡಿ. ಆ ಮಾಹಿತಿಗೆ 5 ಸೆಕೆಂಡಿನಿಂದ 900 ಸೆಕೆಂಡಿನ ತನಕ ಅವಧಿ ಕೊಟ್ಟಿರತಾರ, ಟಿ430 ಟೈಮರ್ ಮುಗಿದರ ಅಪ್‌ಲಿಂಕ್ ನಿಲ್ಲಿಸಿ ಎಸ್‌ಐಬಿ19 ಮತ್ತ ಓದಬೇಕು. ಇಲ್ಲಿ ಎಲ್ಲರೂ ಎಡವೋದು ಎಪೋಕ್ ಟೈಮ್‌ನಾಗ (ಎಫೆಮೆರಿಸ್ ಯಾವ ಗಳಿಗೆಯದ್ದು ಅನ್ನೋ ಹೊತ್ತು). ಎಫೆಮೆರಿಸ್ ಕೈಗೆ ಬಂದ ಗಳಿಗೆಯನ್ನೇ ಅದರ ಹೊತ್ತು ಅಂತ ಹಿಡಿದು 100 ಮಿಲಿಸೆಕೆಂಡ್ ತಪ್ಪಿದರ, ಎರಡು ಕಾಲಿಗೆ 4.5 ಮೈಕ್ರೊಸೆಕೆಂಡ್ ಹೋತು. ಪ್ರಿಫಿಕ್ಸ್ ಪೂರಾ ಅದಕ್ಕೇ.