ಕೈ ಎಲ್ಲಿಡೋದು?

ಪ್ರೆಸೆಂಟೇಷನ್ ಮುಗಿಸಿ ದರ್ಶಿನಿಗೆ ಬಂದ ಸೀನನ ಮುಖ ನಿನ್ನೆಯ ಇಡ್ಲಿಯ ಹಾಗಿತ್ತು.

"ಏನಾಯ್ತೋ?" ಎಂದೆ.

"ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ ಕಣೋ. ಮನೆಯಿಂದ ಹೊರಟಾಗ ಎರಡೇ ಇತ್ತು. ಅಲ್ಲಿ ನಿಂತ ಮೇಲೆ ನಾಲ್ಕಾಯ್ತು. ಜೇಬಿಗೆ ಹಾಕಿದೆ, ಚಿಲ್ಲರೆ ಜಣಜಣ ಅಂತು. ಹಿಂದೆ ಕಟ್ಟಿದೆ, ಪಿ.ಟಿ. ಮೇಷ್ಟ್ರಾದೆ. ಮುಂದೆ ಕಟ್ಟಿದೆ, ತೀರ್ಥಕ್ಕೆ ನಿಂತ ಹಾಗಾಯ್ತು."

"ಕೈ ಹಾಳಾಗಲಿ," ಎಂದಳು ರಾಜಿ. ಅವಳದ್ದೂ ಅದೇ ಆಫೀಸು. "ಅರ್ಧ ಗಂಟೆ ನಿನ್ನ ಬೆನ್ನು ನೋಡಿದ್ದೀನಿ. ಕಾಲರಿನಲ್ಲಿ ಲಾಂಡ್ರಿ ಚೀಟಿ ಇನ್ನೂ ಇದೆ."

"ಸ್ಲೈಡ್ ಓದ್ತಿದ್ದೆ."

"ನಮಗೂ ಓದೋಕೆ ಬರುತ್ತಪ್ಪ. ತಿರುಗಿದ್ದು ಒಂದೇ ಸಲ. ಆಗ ಪ್ರೊಜೆಕ್ಟರಿಗೆ ಅಡ್ಡ ನಿಂತೆ. ಈ ವರ್ಷದ ಮಾರಾಟವೆಲ್ಲ ನಿನ್ನ ಹೊಟ್ಟೆ ಮೇಲೆ ಬಿತ್ತು. ಅಲ್ಲಿ ಮಾತ್ರ ಚೆನ್ನಾಗಿ ಏರಿತ್ತು."

ಸೀನ ಕಾಫಿ ಹೀರಿದ. "ತಯಾರಿ ಕಮ್ಮಿ ಇರಲಿಲ್ಲ. ಟಾಯ್ಲೆಟ್ಟಿನಲ್ಲಿ ಎರಡು ನಿಮಿಷ ಸೊಂಟಕ್ಕೆ ಕೈ ಕೊಟ್ಟು, ಎದೆ ಉಬ್ಬಿಸಿ ನಿಂತಿದ್ದೆ. ಪವರ್ ಪೋಸ್. ಧೈರ್ಯದ ಹಾರ್ಮೋನ್ ಏರುತ್ತಂತೆ."

"ಅದು 2010ರ ಸಂಶೋಧನೆಯ ಮಾತು," ಎಂದಳು ರಾಜಿ. "2015ರಲ್ಲಿ ಬೇರೆಯವರು 200 ಜನರ ಮೇಲೆ ಮತ್ತೆ ಪ್ರಯೋಗ ಮಾಡಿ ನೋಡಿದರು. ಹಾರ್ಮೋನ್ ಅಲ್ಲಾಡಲಿಲ್ಲ. ಧೈರ್ಯ ಬಂದ ಹಾಗೆ ಅನಿಸ್ತಂತೆ, ಅಷ್ಟೇ."

"ನನಗೆ ಅದೂ ಅನಿಸಲಿಲ್ಲ. ಹೊರಗೆ ಮ್ಯಾನೇಜರ್ ಬಾಗಿಲು ಬಡೀತಿದ್ದರು."

"ಆದ್ರೂ ಮೈ ಮುಖ್ಯ," ಎಂದು ಸೀನನೇ ಮುಂದುವರಿಸಿದ. "ಮಾತಿಗೆ ಶೇ. 7 ಬೆಲೆ, ಮೈಗೆ 55 ಅಂತ ಟ್ರೈನಿಂಗಿನಲ್ಲಿ ಹೇಳಿದ್ದಾರೆ."

ಇದುವರೆಗೆ ವಡೆಯಲ್ಲೇ ಮುಳುಗಿದ್ದ ಉಡುಪಿ ಕಡೆಯ ಭಟ್ರು ತಲೆ ಎತ್ತಿದರು. "ಹಾಗಾದ್ರೆ ಯಕ್ಷಗಾನದ ತಾಳಮದ್ದಳೆಯವರು ಏನು ಮಾಡಬೇಕು ಮಾರಾಯ? ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟ ಇಬ್ಬರು ಎದುರುಬದುರು ಕೂತು ಕೃಷ್ಣ, ಕೌರವ ಆಗ್ತಾರೆ. ಹಾಡು ಬಿಟ್ಟರೆ ಬರೀ ಮಾತು. ಜನ ಗಂಟೆಗಟ್ಟಲೆ ಏಳುವುದಿಲ್ಲ."

"ಆ ಲೆಕ್ಕ ಎಲ್ಲ ಮಾತಿಗೂ ಅಲ್ಲ ಭಟ್ರೇ," ಎಂದಳು ರಾಜಿ. "1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞ ಮಾಡಿದ ಪ್ರಯೋಗಗಳದ್ದು. ಹೇಳುವವರಿಗೆ ಇಷ್ಟವೋ, ಇಲ್ಲವೋ ಅಂತ ಜನ ಹೇಗೆ ಕಂಡುಹಿಡೀತಾರೆ ಅನ್ನೋದಷ್ಟೇ ವಿಷಯ. ಅದರಲ್ಲೂ ಒಂದೊಂದೇ ಪದ ಕೇಳಿಸಿದ್ದು. ಮತ್ತೆ ಆ 55 ಮುಖದ್ದು ಕಣೋ, ಮೈದಲ್ಲ. ನೀನು ಅದನ್ನು ಪೂರ್ತಿ ಗೋಡೆಗೆ ಕೊಟ್ಟೆ."

ಸೀನನಿಗೆ ರೋಷ ಬಂತು. "ಗೋಡೆ ಏನು ಮಾಡೀತು? ಆ ರಿಮೋಟು ನೋಡಬೇಕಿತ್ತು ನೀವು! ಒಂದು ಸಲ ಒತ್ತಿದರೆ ಮೂರು ಸ್ಲೈಡ್ ಹಾರುತ್ತೆ!" ಎಂದು ಶುರು ಮಾಡಿದ. ಮ್ಯಾನೇಜರ ಹುಬ್ಬು, ಕೇಬಲ್ಲಿಗೆ ತಾನು ಎಡವಿದ್ದು, ಎಲ್ಲ ಬಂತು. ಎಡಗೈಯಲ್ಲಿ ಕಾಫಿ ಲೋಟ, ಬಲಗೈ ಗಾಳಿಯಲ್ಲಿ. ಪಕ್ಕದ ಟೇಬಲಿನವರು ದೋಸೆ ಮುರಿಯುವುದನ್ನು ಬಿಟ್ಟು ಕೇಳುತ್ತಿದ್ದರು. ಕ್ಯಾಶಿನಲ್ಲಿದ್ದವರೂ ಇತ್ತ ವಾಲಿದ್ದರು.

"ನಿಲ್ಲು ನಿಲ್ಲು," ಎಂದರು ಭಟ್ರು. "ಈಗ ನಿನ್ನ ಕೈ ಎಲ್ಲಿದೆ, ನೋಡಿಕೋ."

ಸೀನ ನೋಡಿಕೊಂಡ. ಕೈ ಸೀದಾ ಜೇಬಿಗಿಳಿಯಿತು. ಚಿಲ್ಲರೆ ಜಣಜಣ ಎಂದಿತು.